ಆರನೇ ಸಾಲಿನ ಎರಡು ಸೀಟು

ಟರ್ಟಲ್ ಫೋರ್ಕ್, ಇಂಡಿಯಾನಾ
9 ನವೆಂಬರ್ 1986, ಭಾನುವಾರ

ಪ್ರೀತಿಯ ರೋವೆನಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತು ಓದು. ಅಯೋವಾದಲ್ಲಿ ನಿನ್ನಂಥ ಬಾಸ್ಕೆಟ್‌ಬಾಲ್ ಕೋಚ್‌ಗಳು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಅವರಲ್ಲಿ ಯಾರಿಗೂ ನನ್ನಂಥ ಚಿಕ್ಕಪ್ಪ ಇಲ್ಲ ಎಂಬುದು ಮಾತ್ರ ಗೊತ್ತು. ಮಾರ್ಚ್‌ನಲ್ಲಿ ನಿನ್ನ ಓಪಲ್ ಚಿಕ್ಕಮ್ಮನ ಮಣ್ಣಿಗೆ ಬಂದಿದ್ದಾಗ ನೀನು ಕೇಳಿದ್ದೆ, ‘ಈ ವರ್ಷಾನೂ ಬರೀತೀರಾ ಚಿಕ್ಕಪ್ಪ?’ ಎಂದು. ಆಗ ನಾನು ಉತ್ತರ ಕೊಡಲಿಲ್ಲ, ಬಾಯಲ್ಲಿ ಹ್ಯಾಮ್ ಇತ್ತು. ಈಗ ಕೊಡುತ್ತಿದ್ದೇನೆ. ಹನ್ನೊಂದು ವರ್ಷ ಬರೆದವನು ಹನ್ನೆರಡನೆಯದಕ್ಕೆ ಹೆದರುತ್ತಾನೆಯೇ?

ಜನವರಿಯಲ್ಲಿ ನಿಮ್ಮ ಲೀಗ್ ಶುರುವಾಗುವ ಮುನ್ನ ನಿನ್ನ ಹುಡುಗಿಯರು ಇತ್ತ ಬಂದು ಹೊರಗಿನ ಮೂರು ತಂಡಗಳ ಮೇಲೆ ಆಡುತ್ತಾರಲ್ಲ, ಆ ಮೂವರ ಜಾತಕ ಇಲ್ಲಿದೆ. ಒಂದೇ ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದವನ ಕಾಗದ. ಕಾಗುಣಿತ ತಪ್ಪಿದ್ದರೆ ನಮ್ಮ ಮೇಡಂ ಹ್ಯಾಟಿಯನ್ನು ಬೈದುಕೋ. ಆಕೆ ಸತ್ತು ಮೂವತ್ತು ವರ್ಷವಾಯಿತು, ಬೇಸರ ಮಾಡಿಕೊಳ್ಳುವುದಿಲ್ಲ.

ಹಾರ್ಕೋರ್ಟ್ ಕಾಲೇಜು, ನಿಮ್ಮ ಪಂದ್ಯ ಡಿಸೆಂಬರ್ 9. ಅವರು ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡಿದ ಪಂದ್ಯಕ್ಕೆ ಹೋಗಿದ್ದೆ. ಕೋಚ್‌ನ ಟೈ ಮೇಲೆ ಬಾತುಕೋಳಿಗಳಿವೆ. ತನ್ನವರು ತಪ್ಪು ಮಾಡಿದಾಗ ಟೈಯ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾನೆ. ನಾನು ನೋಡಿದ ದಿನ ಮೂರು ಬಾತುಕೋಳಿ ಒದ್ದೆಯಾಗಿದ್ದವು. ಅಲ್ಲಿನ ರೆಫ್ರಿ ಕೆಂಪು ಮುಖದವನು, ಬಲ ಮೊಣಕಾಲು ಮಡಿಸಲಾರ, ಓಡುವುದಕ್ಕಿಂತ ಮೊದಲೇ ಸೀಟಿ ಊದಿಬಿಡುತ್ತಾನೆ. ಅವನಿಗೆ ನನ್ನ ಅಭಿಪ್ರಾಯವನ್ನು ನಾಲ್ಕು ಸಲ ತಿಳಿಸಿದೆ.

ಸೇಂಟ್ ಒಡೀಲಿಯಾ, ಡಿಸೆಂಬರ್ 11. ಮೊದಲ ಬೆಂಚಿನಲ್ಲಿ ಹನ್ನೊಂದು ಜನ ಸಿಸ್ಟರ್‌ಗಳು ಜಪಮಾಲೆ ಹಿಡಿದು ಕೂತಿರುತ್ತಾರೆ. ಅವರೆದುರು ರೆಫ್ರಿಯನ್ನು ಬೈಯುವುದು ಹೇಗೆ? ಮನಸ್ಸಿನಲ್ಲೇ ಬೈದೆ. ಕೂಡಲೇ ಮುಂದಿದ್ದ ಸಿಸ್ಟರ್ ತಿರುಗಿ ನನ್ನನ್ನು ನೋಡಿದರು! ಅಲ್ಲಿ ತಿನ್ನಲು ಮಾರುವ ಸಕ್ಕರೆ ಕೆನೆಯ ಪೈ ಮಾತ್ರ ಕಳೆದ ವರ್ಷಕ್ಕಿಂತ ಉತ್ತಮ.

ಬೆಲ್‌ಫೀಲ್ಡ್, ಡಿಸೆಂಬರ್ 13, ಶನಿವಾರ. ನಮ್ಮ ಮನೆಗೆ ಹತ್ತಿರದ್ದು, ಇಪ್ಪತ್ತು ಮೈಲಿ. 14ನೇ ನಂಬರಿನ ಕ್ರಿಸ್ಟಾ ಬೇಲಿಗೂಟದಷ್ಟು ಎತ್ತರ. ಅವಳನ್ನು ತಡೆದರೆ ಗೆದ್ದೆ. ಅಷ್ಟೇ.

ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ನನಗೆ ಎಲ್ಲಿಂದ ಬಂತು ಎಂದು ನಿನ್ನ ಹುಡುಗಿಯರು ಕೇಳಿದರೆ ಹೇಳು: 1938ರಲ್ಲಿ ನಮ್ಮೂರ ಹಾಲ್‌ನ ಒಂದು ಮೂಲೆಯಲ್ಲಿ ಕಬ್ಬಿಣದ ಒಲೆ ಉರಿಯುತ್ತಿತ್ತು. ಎದುರಾಳಿಯನ್ನು ಮೆಲ್ಲಗೆ ಒಲೆಯ ಕಡೆಗೆ ತಳ್ಳುವುದೇ ನಮ್ಮ ವಿದ್ಯೆ. ಕೊನೆಯ ಪಂದ್ಯ 13–11ರಲ್ಲಿ ಗೆದ್ದೆವು. ಹದಿಮೂರರಲ್ಲಿ ಒಂಬತ್ತು ಡೆಲ್ಮರ್ ಫೆಸೆಲ್‌ನದು.

ಅಂಚೆಚೀಟಿ ಸೊಟ್ಟಗಿದ್ದರೆ ಕ್ಷಮಿಸು. ಲಕೋಟೆ ಮುಚ್ಚಿ ಚೀಟಿ ಅಂಟಿಸುವುದು ಓಪಲ್‌ಳ ಕೆಲಸವಾಗಿತ್ತು. ‘ನಿಮ್ಮ ನಾಲಿಗೆ ಮೇಲಿರೋ ಸುಳ್ಳಿಗೆ ಗೋಂದು ಹಿಡಿಯಲ್ಲ ರೀ’ ಎನ್ನುತ್ತಿದ್ದಳು.

ನಿನ್ನ ಚಿಕ್ಕಪ್ಪ,
ಡೆಲ್ಮರ್

*

ಕೀಲ್ಸ್‌ಬರ್ಗ್, ಅಯೋವಾ
14 ನವೆಂಬರ್ 1986

ಪ್ರೀತಿಯ ಚಿಕ್ಕಪ್ಪ,

ಅಭ್ಯಾಸ ಮುಗಿದ ಮೇಲೆ ನಿಮ್ಮ ಕಾಗದವನ್ನು ಹುಡುಗಿಯರಿಗೆ ಓದಿ ಹೇಳಿದೆ. ಬಾತುಕೋಳಿಯ ಜಾಗಕ್ಕೆ ಬಂದಾಗ ನಮ್ಮ ಉದ್ದನೆಯ ಹುಡುಗಿ ನೆಲದ ಮೇಲೆ ಬಿದ್ದು ನಕ್ಕಳು. ಈಗ ಯಾರು ಚೆಂಡು ಕೈಬಿಟ್ಟರೂ ಉಳಿದವರೆಲ್ಲ ‘ಕ್ವಾಕ್’ ಎನ್ನುತ್ತಾರೆ.

ಆದರೆ ಓದಿ ಮುಗಿಸಿದಾಗ ಒಬ್ಬಳು ಕೈ ಎತ್ತಿ, ‘ಕೋಚ್, ಇದ್ರಲ್ಲಿ ಒಬ್ಬಳನ್ನ ಬಿಟ್ರೆ ಆಡೋರು ಯಾರೂ ಇಲ್ವಲ್ಲ?’ ಎಂದು ಕೇಳಿದಳು. ನಾನು ಕಾಗದವನ್ನು ಮತ್ತೆ ತಿರುವಿ ನೋಡಿದೆ. ರೆಫ್ರಿಯ ಮೊಣಕಾಲು, ಸಿಸ್ಟರ್‌ಗಳ ಜಪಮಾಲೆ, ಪೈ, ಎಲ್ಲ ಇದೆ. ಕಳೆದ ವರ್ಷ ನೀವು ಬರೆದಿದ್ದು ನೆನಪಿದೆಯೇ? ‘ಜಡೆಯ ಹುಡುಗಿ ದಣಿದಾಗ ಸೊಂಟದ ಮೇಲೆ ಕೈ ಇಡುತ್ತಾಳೆ, ಆಮೇಲಿನ ಎರಡು ಎಸೆತ ರಿಂಗ್‌ವರೆಗೆ ಹೋಗುವುದಿಲ್ಲ’ ಎಂದು. ಅದೊಂದೇ ಸಾಲಿನಿಂದ ನಾವು ಒಂದು ಪಂದ್ಯ ಗೆದ್ದೆವು. ಅಂಥದ್ದು ಒಂದು ಬೇಕು.

ಇನ್ನೊಂದು. ಬೆಲ್‌ಫೀಲ್ಡ್‌ನ ಕ್ರಿಸ್ಟಾ ಓದು ಮುಗಿಸಿ ಜೂನ್‌ನಲ್ಲಿ ಮದುವೆಯಾದಳು. ಪತ್ರಿಕೆಯಲ್ಲಿ ಫೋಟೊ ಬಂದಿತ್ತು. ಬಹುಶಃ ಆಟ ನೋಡಲು ಬಂದು ಕೂತಿದ್ದಳೇನೋ.

ಡಿಸೆಂಬರ್ 13ಕ್ಕೆ ನೀವು ಬರುತ್ತೀರಿ ತಾನೆ? ಟಿಕೆಟ್ ಕಿಟಕಿಯಲ್ಲಿ ಫೆಸೆಲ್ ಹೆಸರಲ್ಲಿ ಎರಡು ಸೀಟು ಇಟ್ಟಿರಲು ಹೇಳಿದ್ದೇನೆ. ಆರನೇ ಸಾಲು, ಮೆಟ್ಟಿಲ ಪಕ್ಕ. ಯಾವಾಗಲೂ ಕೂರುವ ಜಾಗವೇ.

ನಿಮ್ಮ,
ರೋ

*

ಟರ್ಟಲ್ ಫೋರ್ಕ್
19 ನವೆಂಬರ್ 1986

ರೋವೆನಾ,

ನಿನ್ನ ಕಾಗದ ತಲುಪಿತು. ಕಾಲೇಜಿನವರು ವಿಡಿಯೋ ಯಂತ್ರ ಕೊಡಿಸಿದ್ದಾರೆಂದು ಹಿಂದೆ ನೀನೇ ಬರೆದಿದ್ದೆಯಲ್ಲ, ಅದನ್ನು ಕೇಳು. ಯಂತ್ರಕ್ಕೆ ವಯಸ್ಸಾಗುವುದಿಲ್ಲ, ಮದುವೆಯಾದವರು ಯಾರೆಂಬುದೂ ತಪ್ಪುವುದಿಲ್ಲ.

ಎರಡು ಸೀಟು ಯಾಕೆ? ನಾನು ದಪ್ಪಗಾಗಿದ್ದೇನೆ ನಿಜ, ಅಷ್ಟಲ್ಲ. ಒಂದೂ ಬೇಡ. 13ರಂದು ನಮ್ಮ ಕಪ್ಪು ಹಂದಿ ಮರಿ ಹಾಕುವ ಲೆಕ್ಕವಿದೆ. ಹಂದಿ ನಿನ್ನ ಪಂದ್ಯಕ್ಕಾಗಿ ಕಾಯುವುದಿಲ್ಲ.

ಹನ್ನೆರಡು ವರ್ಷ ಬರೆದದ್ದು ಸಾಕು. ಡಜನ್ ಆದ ಮೇಲೆ ಮೊಟ್ಟೆಯವರೂ ಪೆಟ್ಟಿಗೆ ಮುಚ್ಚುತ್ತಾರೆ.

ಡೆಲ್ಮರ್

*

ಕೀಲ್ಸ್‌ಬರ್ಗ್
24 ನವೆಂಬರ್ 1986

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅದಕ್ಕೆ ಉತ್ತರ ಬರೆಯುವುದಿಲ್ಲ. ಬೇರೇನೋ ಬರೆಯುತ್ತೇನೆ.

1963ರ ಬೇಸಿಗೆ. ನನಗೆ ಹದಿಮೂರು. ಅಪ್ಪ ನನ್ನನ್ನು ನಿಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದರು. ನಿಮ್ಮ ಕಣಜದ ಗೋಡೆಗೆ ಒಂದು ರಿಂಗ್ ಹೊಡೆದಿತ್ತು, ಬಲೆ ಇರಲಿಲ್ಲ. ನೀವು ಹುಲ್ಲಿನ ಗಾಡಿಯ ಮೇಲೆ ಕೂತು ರೆಫ್ರಿಯಾಗಿದ್ದಿರಿ. ನಾನೊಬ್ಬಳೇ ಆಡುತ್ತಿದ್ದರೂ ನನಗೇ ಐದು ಫೌಲ್ ಕೊಟ್ಟು ಹೊರಗೆ ಹಾಕಿದ್ದು ನೆನಪಿದೆಯೇ?

ಆಗ ಚಿಕ್ಕಮ್ಮ ಅಡುಗೆಮನೆಯಿಂದ ಏಪ್ರನ್‌ನಲ್ಲೇ ಬಂದು ನನ್ನೆದುರು ನಿಂತರು. ಚೆಂಡು ಮುಟ್ಟಲಿಲ್ಲ. ನಾನು ಎತ್ತ ಹೋದರೂ ಮೊದಲೇ ಅಲ್ಲಿರುತ್ತಿದ್ದರು. ‘ಹೆಂಗೆ ಗೊತ್ತಾಗುತ್ತೆ ಚಿಕ್ಕಮ್ಮ?’ ಎಂದರೆ, ‘ಚೆಂಡು ನೋಡಬೇಡ ಕಣೇ, ಚೆಂಡು ಸುಳ್ಳು ಹೇಳುತ್ತೆ. ಕಣ್ಣೂ ಸುಳ್ಳು ಹೇಳುತ್ತೆ. ಪಾದಕ್ಕೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ’ ಎಂದರು.

ಅವರು ನಮ್ಮ ಅಯೋವಾದವರು, ಆರು ಜನರ ಆಟ ಆಡಿದವರು. ಮೂವರು ಅಂಗಳದ ಆ ಅರ್ಧದಲ್ಲಿ ನಿಂತು ಬುಟ್ಟಿಗೆ ಎಸೆಯುವವರು, ಮೂವರು ಈ ಅರ್ಧದಲ್ಲಿ ನಿಂತು ತಡೆಯುವವರು. ತಡೆಯುವವಳು ನಡುಗೆರೆ ದಾಟುವಂತಿಲ್ಲ, ಬುಟ್ಟಿಗೆ ಎಸೆಯುವಂತಿಲ್ಲ. ಚಿಕ್ಕಮ್ಮ ನಾಲ್ಕು ವರ್ಷ ತಡೆಯುವವರಾಗಿ ಆಡಿದರು, ಒಂದೇ ಒಂದು ಅಂಕ ಗಳಿಸಲಿಲ್ಲ. ಇಲ್ಲಿ ಈಗಲೂ ಅವರ ಹೆಸರು ಹೇಳುವ ಮುದುಕಿಯರಿದ್ದಾರೆ.

ಈಗ ನನ್ನ ಒಂದೇ ಕೋರಿಕೆ. ಡಿಸೆಂಬರ್ 2ರಂದು ಬೆಲ್‌ಫೀಲ್ಡ್‌ನಲ್ಲಿ ಪಂದ್ಯವಿದೆ. ಹೊಸ 14ನೇ ನಂಬರಿನವಳು ಪಂದ್ಯಕ್ಕೆ ಹತ್ತೊಂಬತ್ತು ಅಂಕ ಹೊಡೆಯುತ್ತಿದ್ದಾಳಂತೆ. ಅವಳೊಬ್ಬಳನ್ನೇ ನೋಡಿ. ಚೆಂಡು ಬೇಡ, ಸ್ಕೋರ್ ಬೇಡ, ಕೋಚ್‌ನ ಟೈ ಬೇಡ. ಪಟ್ಟೆ ಅಂಗಿಯ ರೆಫ್ರಿಯನ್ನಂತೂ ನೋಡಲೇಬೇಡಿ. ಅವಳು ಅಂಗಳಕ್ಕೆ ಬಂದಾಗಿನಿಂದ ಹೊರಗೆ ಹೋಗುವವರೆಗೆ ಅವಳ ಪಾದ ಮಾತ್ರ.

ಆಗದಿದ್ದರೆ ಬೇಡ. ಬರೆಯದಿದ್ದರೂ ನಾನು ಕೋಪಿಸಿಕೊಳ್ಳುವುದಿಲ್ಲ.

ರೋ

*

ಟರ್ಟಲ್ ಫೋರ್ಕ್
4 ಡಿಸೆಂಬರ್ 1986

ಪ್ರೀತಿಯ ರೋವೆನಾ,

ಮೂವತ್ತೊಂದು ವರ್ಷ ಶಾಲೆಯ ಬಸ್ ಓಡಿಸಿದವನಿಗೆ, ಅರವತ್ತು ಮಕ್ಕಳನ್ನು ಒಂದೇ ಕನ್ನಡಿಯಲ್ಲಿ ನೋಡುತ್ತಿದ್ದವನಿಗೆ, ‘ಒಬ್ಬಳನ್ನೇ ನೋಡಿ’ ಎಂದು ಬರೆಯುತ್ತೀಯಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಕಾಗದವನ್ನು ಹಂದಿಗಳಿಗೆ ಓದಿ ಹೇಳಿದೆ. ಅವೂ ಒಪ್ಪಲಿಲ್ಲ. ಇವಳ ಮಾತು ಎಷ್ಟು ಮೂರ್ಖತನದ್ದು ಎಂದು ತೋರಿಸುವುದಕ್ಕಾಗಿಯೇ ಮಂಗಳವಾರ ಬೆಲ್‌ಫೀಲ್ಡ್‌ಗೆ ಹೋದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಅಕ್ಟೋಬರ್‌ನಲ್ಲಿ ಅವರ ತಾಲೀಮಿಗೆ ನಾನು ಹೋಗಿದ್ದು ನಿಜ. ಟ್ರಕ್ ನಿಲ್ಲಿಸಿದೆ. ಒಳಗೆ ನೆಲಕ್ಕೆ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು. ಓಪಲ್‌ಳ ಹಸಿರು ದಿಂಬು ಪಕ್ಕದಲ್ಲಿತ್ತು. ಅವಳ ಬೆನ್ನಿಗೆ ಅಲ್ಲಿನ ಮರದ ಹಲಗೆ ಆಗುತ್ತಿರಲಿಲ್ಲ, ಅದಕ್ಕೆ ಯಾವಾಗಲೂ ಒಯ್ಯುತ್ತಿದ್ದಳು. ಅದನ್ನು ಒಳಗೆ ಒಯ್ಯಬೇಕೋ ಟ್ರಕ್‌ನಲ್ಲೇ ಬಿಡಬೇಕೋ ಗೊತ್ತಾಗಲಿಲ್ಲ. ಅದೇ ಯೋಚನೆಯಲ್ಲಿ ಮುಕ್ಕಾಲು ಗಂಟೆ ಕೂತಿದ್ದು ವಾಪಸ್ ಬಂದೆ. ಮನೆಗೆ ಬಂದು ಕಳೆದ ವರ್ಷದ 14ನ್ನು ಬರೆದು ಹಾಕಿದೆ. ಅವಳು ಮದುವೆಯಾಗಿದ್ದಾಳೆಂದು ನನಗೇನು ಗೊತ್ತು!

ಮಂಗಳವಾರ ದಿಂಬನ್ನು ಒಳಗೆ ಒಯ್ದೆ. ಆರನೇ ಸಾಲಿನಲ್ಲಿ ನನ್ನ ಪಕ್ಕದಲ್ಲಿಟ್ಟೆ. ಐದು ನಿಮಿಷದಲ್ಲೇ ನೇರಳೆ ಬಣ್ಣದ ಕೋಟಿನ ಹೆಂಗಸೊಬ್ಬಳು ಬಂದಳು.

‘ಇಲ್ಲಿ ಯಾರಾದ್ರೂ ಕೂತಿದಾರಾ?’

‘ಹೂಂ ಕಣ್ರೀ. ಪಾಪ್‌ಕಾರ್ನ್ ತರೋಕೆ ಹೋಗಿದಾಳೆ’ ಎಂದೆ.

ಯಾಕೆ ಹಾಗೆಂದೆ ಎಂದು ಕೇಳಬೇಡ. ಬಾಯಿಗೆ ಬಂತು. ಆಕೆ ಮೆಟ್ಟಿಲ ಮೇಲೆ ನಿಂತಳು.

ಆಟ ಶುರುವಾಯಿತು. ಹೊಸ 14, ಟೆಸ್ ಎಂದು ಹೆಸರು, ಗಿಡ್ಡಗಿದ್ದಾಳೆ, ಕಾಲು ಗಟ್ಟಿ. ನಾನು ಅವಳ ಪಾದ ನೋಡತೊಡಗಿದೆ. ಎರಡು ನಿಮಿಷ. ಸೀಟಿ ಕೂಗಿತು. ನನ್ನ ಕಣ್ಣು ಪಟ್ಟೆ ಅಂಗಿಯವನ ಮೇಲೆ! ಬೈದೆ. ಮತ್ತೆ ಪಾದ. ಮತ್ತೆ ಸೀಟಿ, ಮತ್ತೆ ಪಟ್ಟೆ ಅಂಗಿ. ರೋವೆನಾ, ಹದಿನೈದನೇ ನಿಮಿಷದ ಹೊತ್ತಿಗೆ ನನಗೆ ಒಂದು ಸಂಗತಿ ಗೊತ್ತಾಯಿತು. ನಲವತ್ತು ವರ್ಷಗಳಿಂದ ನಾನು ನೋಡುತ್ತಾ ಬಂದಿದ್ದು ರೆಫ್ರಿಯನ್ನು. ಐದು ಜಿಲ್ಲೆಯ ರೆಫ್ರಿಗಳ ಮಂಡಿ, ಬೊಜ್ಜು, ಬೋಳುತಲೆ ನನಗೆ ಬಾಯಿಪಾಠ. ಆಟವನ್ನು ಒಂದು ಸಲವೂ ನೋಡಿಲ್ಲ.

ಹಾಗಾದರೆ ಹನ್ನೊಂದು ವರ್ಷ ನಿನಗೆ ಬರೆದಿದ್ದು ಯಾರು? ಈಗ ಹೇಳುತ್ತೇನೆ, ನಗಬೇಡ. ಅಡುಗೆಮನೆಯ ಮೇಜಿನಲ್ಲಿ ನಾನು ಬರೆಯಲು ಕೂತರೆ ಓಪಲ್ ಎದುರಿಗೆ ಸೇಬು ಹೆಚ್ಚುತ್ತಾ, ‘ರೀ, ಅದೂ ಬರ್ಕೊಳ್ಳಿ. ಆ ಜಡೆಯವಳು ಸುಸ್ತಾದ್ರೆ ಸೊಂಟ ಹಿಡ್ಕೋತಾಳೆ’ ಎನ್ನುತ್ತಿದ್ದಳು. ‘ನಾನೂ ನೋಡ್ದೆ ಬಿಡೇ’ ಎಂದು ಬರೆದುಕೊಳ್ಳುತ್ತಿದ್ದೆ. ನೋಡಿದ್ದೇನೆಂದೇ ನಂಬಿದ್ದೆ. ಸುಳ್ಳು ಹೇಳಿದೆ ಎಂದೂ ನನಗೆ ಗೊತ್ತಿರಲಿಲ್ಲ, ಅದು ಅಷ್ಟು ಒಳ್ಳೆಯ ಸುಳ್ಳು.

ಅರ್ಧ ಆಟ ಮುಗಿಯಿತು. ನೇರಳೆ ಕೋಟಿನವಳು ಇನ್ನೂ ನಿಂತೇ ಇದ್ದಾಳೆ.

‘ಯಜಮಾನ್ರೇ, ನಿಮ್ಮನೆಯವರು ಪಾಪ್‌ಕಾರ್ನ್ ತರೋಕೆ ಹೋದ್ರೋ, ಜೋಳ ಬಿತ್ತೋಕೆ ಹೋದ್ರೋ?’

ಅದಕ್ಕೆ ಕೊಡಲು ನನ್ನ ಬಳಿ ಒಳ್ಳೆಯ ಉತ್ತರವಿತ್ತು. ಬಾಯಿ ತೆರೆದೆ, ಬೇರೆಯೇ ಬಂತು. ‘ಮಾರ್ಚಲ್ಲಿ ಹೋದ್ಲು ಕಣಮ್ಮ’ ಎಂದೆ.

ಆಕೆ ದಿಂಬನ್ನು ನೋಡಿದಳು. ಆಮೇಲೆ, ‘ದಿಂಬು ತೆಗೀತೀರಾ, ಇಲ್ಲ ಅದರ ಮೇಲೇ ಕೂತ್ಕೊಳ್ಳಾ?’ ಎಂದಳು.

‘ಅದರ ಮೇಲೇ ಕೂತ್ಕೊಳ್ಳಿ. ಇರೋದು ಅದಕ್ಕೇ.’

ಕೂತಳು. ನೋಡು, ಪಕ್ಕದಲ್ಲಿ ಒಬ್ಬರು ಬಂದ ಕೂಡಲೇ ನನ್ನ ಕಣ್ಣು ನೆಟ್ಟಗಾಯಿತು. ಎರಡನೇ ಅರ್ಧದಲ್ಲಿ ಸೀಟಿ ಊದಿದ್ದೇ ನನಗೆ ಕೇಳಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಆಕೆ ನನ್ನ ಮೊಣಕೈಗೆ ತಿವಿದಳು.

‘ಏನ್ರೀ, ಆಗಿಂದ ನೋಡ್ತಿದೀನಿ, ನನ್ನ ಮಗಳ ಕಾಲನ್ನೇ ಯಾಕೆ ದಿಟ್ಟಿಸ್ತಿದೀರಿ?’

ಟೆಸ್ ಅವಳ ಮಗಳು! ಅಮ್ಮನ ಹೆಸರು ವಾಂಡಾ ಕ್ರೋಬೆಲ್, ನೇರಳೆ ಅವರ ತಂಡದ ಬಣ್ಣ, ನನಗೆ ಹೊಳೆದೇ ಇರಲಿಲ್ಲ.

‘ನಾನು ದೊಡ್ಡ ಯೂನಿವರ್ಸಿಟಿ ಕಡೆಯವನಮ್ಮ, ಆಟಗಾರ್ತೀರನ್ನ ಆರಿಸೋಕೆ ಬಂದಿದೀನಿ.’

‘ಯಾವ ಯೂನಿವರ್ಸಿಟೀನ್ರೀ ಹಂದಿ ವಾಸನೆ ಹೊಡೆಯೋರನ್ನ ಕಳ್ಸೋದು?’

ಸುತ್ತಲಿನ ಎರಡು ಸಾಲು ನಕ್ಕಿತು. ನಾನೂ ನಕ್ಕೆ. ಆ ಜಾಗದಲ್ಲಿ ಮತ್ತೆ ನಗುತ್ತೇನೆಂದು ಅಂದುಕೊಂಡಿರಲಿಲ್ಲ. ಆಮೇಲೆ ನಿಜ ಹೇಳಿದೆ, ನಿನ್ನ ಹೆಸರೂ ಹೇಳಿದೆ. ‘ನೋಡ್ಕೊಳ್ಳಿ ನೋಡ್ಕೊಳ್ಳಿ, ನೋಡಿದ ಮಾತ್ರಕ್ಕೆ ತಡೆಯೋಕಾಗಲ್ಲ’ ಎಂದಳು. ಜಂಬದಲ್ಲಿ ನನಗೆ ಸರಿಜೋಡಿ.

ಈಗ ವರದಿ. ಬರೆದುಕೋ, ಇದು ನಾನೇ ನೋಡಿದ್ದು. ಟೆಸ್ ಚೆಂಡು ಕೇಳುವಾಗ ಬಲಗೈ ಎತ್ತಿದಳೆಂದರೆ ಎಡಪಾದದ ಹಿಮ್ಮಡಿ ಆಗಲೇ ನೆಲ ಬಿಟ್ಟಿರುತ್ತದೆ. ಚೆಂಡು ಬಂದ ಕೂಡಲೇ ಎಡಕ್ಕೆ ತಿರುಗಿ ಎಸೆಯುತ್ತಾಳೆ. ಎಡಗೈ ಎತ್ತಿದರೆ ಎರಡೂ ಪಾದ ನೆಲಕ್ಕೆ ಅಂಟಿರುತ್ತವೆ. ಅದು ಬರೀ ನಾಟಕ, ಚೆಂಡನ್ನು ಮತ್ತೊಬ್ಬಳಿಗೆ ಕೊಟ್ಟುಬಿಡುತ್ತಾಳೆ. ಎರಡನೇ ಅರ್ಧದಲ್ಲಿ ಹದಿನಾಲ್ಕು ಸಲ ಎಣಿಸಿದೆ. ಹದಿಮೂರು ಸಲ ಹಾಗೆಯೇ ಆಯಿತು. ಹದಿನಾಲ್ಕನೆಯ ಸಲ ಅವಳ ಅಮ್ಮ ನನಗೆ ಟಾಫಿ ಕೊಡುತ್ತಿದ್ದಳು, ನೋಡಲಿಲ್ಲ.

ಆ ಹುಡುಗಿಯ ಕಾಲಿನ ಬಗ್ಗೆ ವಾಂಡಾ ಇನ್ನೊಂದು ಮಾತು ಹೇಳಿದಳು. ಅದನ್ನು ಬರೆಯುವುದಿಲ್ಲ. ಕಣ್ಣಿಗೆ ಕಂಡಿದ್ದು ನಿನಗೆ, ಓಪಲ್‌ಳ ದಿಂಬಿನ ಮೇಲೆ ಕೂತು ಆಡಿದ ಮಾತು ಅಲ್ಲಿಗೇ.

13ರ ಬಗ್ಗೆ ಗೊತ್ತಿಲ್ಲ ಮಗಳೇ. ಬೇರೆಯವರ ಪಂದ್ಯ ನೋಡುವುದು ಒಂದು. ನಿನ್ನ ತಂಡ ಅಂಗಳಕ್ಕೆ ಬರುವಾಗ ಓಪಲ್ ಎದ್ದು ನಿಲ್ಲುತ್ತಿದ್ದಳು, ಗೊತ್ತಲ್ಲ. ಅವಳ ಪಾಲಿಗೂ ಎದ್ದು ನಿಲ್ಲಲು ನನ್ನ ಕಾಲಿಗೆ ಬಲ ಇದೆಯೋ ಇಲ್ಲವೋ. ಹಂದಿಯೂ ಇದೆ.

ಚಿಕ್ಕಪ್ಪ

*

ಕೀಲ್ಸ್‌ಬರ್ಗ್
7 ಡಿಸೆಂಬರ್ 1986

ಪ್ರೀತಿಯ ಚಿಕ್ಕಪ್ಪ,

ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಹೊರಡುತ್ತೇವೆ, ಹಾಗಾಗಿ ಎರಡೇ ಸಾಲು. ನಿಮ್ಮ ವರದಿಯನ್ನು ಹುಡುಗಿಯರಿಗೆ ಓದಿದೆ. ಈ ಸಲ ಯಾರೂ ನಗಲಿಲ್ಲ, ಎಲ್ಲರೂ ಬರೆದುಕೊಂಡರು. ಒಬ್ಬಳು ಮಾತ್ರ ‘ಬಲಗೈ, ಹಿಮ್ಮಡಿ, ಎಡಕ್ಕೆ’ ಎಂದು ಊಟದ ಸಾಲಿನಲ್ಲೂ ಹೇಳಿಕೊಳ್ಳುತ್ತಿದ್ದಾಳೆ.

ಕಿಟಕಿಯಲ್ಲಿ ಫೆಸೆಲ್ ಹೆಸರಲ್ಲಿ ಟಿಕೆಟ್ ಇರುತ್ತವೆ. ಒಂದಲ್ಲ, ಎರಡು. ಹಂದಿಗೆ ನನ್ನ ನಮಸ್ಕಾರ ತಿಳಿಸಿ.

ರೋ

*

ಕೀಲ್ಸ್‌ಬರ್ಗ್
16 ಡಿಸೆಂಬರ್ 1986

ಪ್ರೀತಿಯ ಚಿಕ್ಕಪ್ಪ,

ನಾವು ಅಂಗಳಕ್ಕೆ ಬಂದಾಗ ನಾನು ಆರನೇ ಸಾಲನ್ನು ನೋಡಲಿಲ್ಲ. ನೋಡಿದರೆ ಖಾಲಿ ಇದ್ದೀತೆಂದು ಭಯವಾಗಿತ್ತು. ರಾಷ್ಟ್ರಗೀತೆ ಮುಗಿದು ಎಲ್ಲರೂ ಕೂತ ಮೇಲೆ ತಲೆ ಎತ್ತಿದೆ. ಇಡೀ ಸಾಲಿನಲ್ಲಿ ಒಬ್ಬರು ಇನ್ನೂ ನಿಂತೇ ಇದ್ದರು. ಪಕ್ಕದಲ್ಲಿ ನೇರಳೆ ಕೋಟಿನವರೊಬ್ಬರು ಅವರ ತೋಳು ಹಿಡಿದು ಕೆಳಗೆಳೆಯುತ್ತಿದ್ದರು.

ಇಬ್ಬರ ಪಾಲಿಗೂ ನೀವೊಬ್ಬರೇ ನಿಂತಿರಿ, ಅಲ್ಲವೇ?

ಪಂದ್ಯ ನೀವೇ ನೋಡಿದಿರಿ, ನಾನೇನು ಬರೆಯಲಿ. ಟೆಸ್‌ಗೆ ಆರು ಅಂಕ. ನಾವು ಗೆದ್ದಿದ್ದು ಮೂರರಿಂದ. ಕೊನೆಯ ನಿಮಿಷದಲ್ಲಿ ರೆಫ್ರಿ ನಮ್ಮ ಮೇಲೆ ಆ ಕೆಟ್ಟ ಫೌಲ್ ಕೊಟ್ಟಾಗ ಇಡೀ ಗ್ಯಾಲರಿ ಎದ್ದು ಕೂಗಿತು. ನಲವತ್ತು ವರ್ಷದ ಆ ಗರ್ಜನೆಗಾಗಿ ನಾನು ಮೇಲೆ ನೋಡಿದೆ. ನೀವು ತುಟಿ ಬಿಗಿಹಿಡಿದು ಟೆಸ್‌ಳ ಪಾದವನ್ನೇ ನೋಡುತ್ತಿದ್ದಿರಿ. ಕೈ ಎತ್ತಿ ‘ಎಡಗೈ, ಎಡಗೈ’ ಎಂದು ತೋರಿಸಿದಿರಿ. ನಮ್ಮ ಹುಡುಗಿ ಟೆಸ್‌ಳನ್ನು ಬಿಟ್ಟು ಇನ್ನೊಬ್ಬಳ ಮುಂದೆ ಜಿಗಿದಳು, ಚೆಂಡು ನಮ್ಮ ಕೈಗೆ ಬಂತು. ವಾಂಡಾ ನಿಮ್ಮ ಹ್ಯಾಟನ್ನು ಕಿತ್ತು ನಿಮಗೇ ಹೊಡೆದದ್ದನ್ನೂ ಕಂಡೆ.

ಆದರೆ ಮುಗಿದ ಮೇಲೆ ಮೆಟ್ಟಿಲು ಹತ್ತಿ ಬಂದರೆ ನೀವಿಲ್ಲ. ದಿಂಬೂ ಇಲ್ಲ. ಸೀಟಿನ ಕೆಳಗೆ ಎರಡು ಪೊಟ್ಟಣ ಪಾಪ್‌ಕಾರ್ನ್ ಇತ್ತು, ಒಂದು ಖಾಲಿ, ಒಂದನ್ನು ಯಾರೂ ಮುಟ್ಟಿರಲಿಲ್ಲ. ‘ಏನೋ ಹಂದಿ ಅಂದ್ರು, ಓಡಿದ್ರು’ ಎಂದು ವಾಂಡಾ ಹೇಳಿದರು.

ನಾನು ಹನ್ನೊಂದು ವರ್ಷದಿಂದ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಪ್ರತಿ ವರ್ಷ ನಿಮ್ಮ ವರದಿಯ ಲಕೋಟೆಯ ಮಡಿಕೆಯೊಳಗೆ ಒಂದು ಚೀಟಿ ಇರುತ್ತಿತ್ತು. ಬೀಜದ ಪೊಟ್ಟಣದ ಹಿಂಬದಿಗೆ ಪೆನ್ಸಿಲಿನಲ್ಲಿ ಚಿಕ್ಕಮ್ಮ ಬರೆದದ್ದು. ಮೊದಲ ವರ್ಷದ್ದು ಹೀಗಿದೆ: ‘ನಿನ್ನ ಚಿಕ್ಕಪ್ಪನ ವರದಿ ನೂರಕ್ಕೆ ನೂರು ಸರಿ, ಎರಡು, ಮೂರು ಮತ್ತು ಐದನೇ ಪ್ಯಾರಾ ಬಿಟ್ಟು. 1938ರಲ್ಲಿ ಇವರು ಹೊಡೆದದ್ದು ಎರಡು ಅಂಕ, ನಿಮ್ಮಪ್ಪನೇ ಹೇಳಿದ್ದು.’

ಹನ್ನೊಂದರಲ್ಲಿ ಹತ್ತು ನನ್ನವು, ಕೊಡುವುದಿಲ್ಲ. ಕೊನೆಯದು, ಕಳೆದ ನವೆಂಬರ್‌ನದು, ನಿಮ್ಮದು. ಅದನ್ನು ಇದರೊಳಗಿಟ್ಟಿದ್ದೇನೆ. ಕೂತು ಓದಿ.

ನಿಮ್ಮ,
ರೋ

(ಬೀಜದ ಪೊಟ್ಟಣದ ಹಿಂಬದಿ, ಪೆನ್ಸಿಲಿನಲ್ಲಿ)

ನವೆಂಬರ್ 1985

ರೋ, ಎರಡನೇ ಪ್ಯಾರಾ ನಂಬಬೇಡ. ಉಳಿದದ್ದು ಸರಿ.

ಮುಂದಿನ ವರ್ಷ ಅಂಚೆಚೀಟಿ ಅಂಟಿಸಲು ನಾನಿರುವುದಿಲ್ಲ ಅಂತ ಕಾಣುತ್ತದೆ. ಡಾಕ್ಟರು ಹೇಳಿದ್ದನ್ನು ಇವರಿಗಿನ್ನೂ ಹೇಳಿಲ್ಲ, ಕ್ರಿಸ್‌ಮಸ್ ಕಳೆಯಲಿ. ಇವರು ಬರೆಯುವುದನ್ನು ನಿಲ್ಲಿಸಲು ಬಿಡಬೇಡ. ನೋಡೋಕೆ ಒಬ್ಬಳನ್ನೇ ಕೊಡು. ಹತ್ತು ಜನರನ್ನು ಕೊಟ್ಟರೆ ರೆಫ್ರಿಯನ್ನು ನೋಡುತ್ತಾರೆ. ಸೀಟು ಮಾತ್ರ ಎರಡು ಇರಲಿ. ಪಕ್ಕದಲ್ಲಿ ಯಾರಾದರೂ ಬಂದು ಕೂರುತ್ತಾರೆ. ಕೇಳಲು ಒಬ್ಬರಿಲ್ಲದಿದ್ದರೆ ಇವರಿಗೆ ಕಣ್ಣೂ ಕಾಣುವುದಿಲ್ಲ.

ಓಪಲ್

*

ಟರ್ಟಲ್ ಫೋರ್ಕ್
22 ಡಿಸೆಂಬರ್ 1986

ಪ್ರೀತಿಯ ರೋವೆನಾ,

ಕಪ್ಪು ಹಂದಿ ಹನ್ನೊಂದು ಮರಿ ಹಾಕಿತು, ಹನ್ನೊಂದೂ ಗಟ್ಟಿಯಾಗಿವೆ. ಗೆಲುವಿಗೆ ಅಭಿನಂದನೆ. ಅದರಲ್ಲಿ ಮುಕ್ಕಾಲು ಪಾಲು ನನ್ನದು ಎಂದು ಊರಿಗೆಲ್ಲ ಹೇಳಿದ್ದೇನೆ. ಅಂಗಡಿಯ ಜನ ನಂಬಿದರು, ಹಂದಿಮಾಂಸದ ಸ್ಯಾಂಡ್‌ವಿಚ್ ಕೊಡಿಸಿದರು, ಮಾಂಸ ಬನ್‌ನ ಆಚೆ ಈಚೆ ಗೇಣುದ್ದ ಚಾಚಿತ್ತು.

ಪಂದ್ಯ ಮುಗಿದ ಕೂಡಲೇ ನಾನು ಓಡಿದ್ದು ಹಂದಿಯ ಸಲುವಾಗಿಯೇ. ಬೇರೆ ಯಾವ ಕಾರಣವೂ ಇಲ್ಲ. ಟ್ರಕ್‌ನಲ್ಲಿ ಅರ್ಧ ಗಂಟೆ ಕೂತಿದ್ದೆ ಎಂದು ಯಾರಾದರೂ ಹೇಳಿದ್ದರೆ, ಅದು ಇಂಜಿನ್ ಬಿಸಿಯಾಗಲೆಂದು. ಕಣ್ಣು ಕೆಂಪಾಗಿದ್ದರೆ ಪಾಪ್‌ಕಾರ್ನಿನ ಉಪ್ಪು. ನೀನು ಕಳಿಸಿದ ಆ ಪೊಟ್ಟಣದ ಚೂರನ್ನು ಒಮ್ಮೆ ಓದಿ ಡ್ರಾಯರ್‌ನಲ್ಲಿ ಹಾಕಿದೆ, ಮತ್ತೆ ತೆಗೆದಿಲ್ಲ.

ಶನಿವಾರ ಹಾರ್ಕೋರ್ಟ್‌ಗೆ ಹೋಗಿದ್ದೆ. ಯಾರೂ ಹೇಳದೆಯೇ ನಾನೇ ಒಬ್ಬಳನ್ನು ಆರಿಸಿಕೊಂಡೆ, 5ನೇ ನಂಬರು. ಅವಳು ಬುಟ್ಟಿಗೆ ಎಸೆಯುವ ಮುನ್ನ ಎಡಗಾಲಿನ ಶೂ ತಳವನ್ನು ಅಂಗೈಯಿಂದ ಒರೆಸಿಕೊಳ್ಳುತ್ತಾಳೆ. ಒರೆಸಲಿಲ್ಲವೆಂದರೆ ಎಸೆಯುವ ಮನಸ್ಸಿಲ್ಲ. ಮುಂದಿನ ಡಿಸೆಂಬರ್‌ಗೆ ಬೇಕಾದೀತು, ತೆಗೆದಿಟ್ಟುಕೋ. ದಿಂಬು ಪಕ್ಕದಲ್ಲಿತ್ತು. ಒಬ್ಬ ಮುದುಕ ಬಂದು ‘ಯಾರಾದ್ರೂ ಕೂತಿದಾರಾ?’ ಎಂದ. ‘ಕೂತ್ಕೊಳ್ಳಿ ಸ್ವಾಮಿ, ಕಥೆ ಹೇಳ್ತೀನಿ’ ಎಂದೆ. 1938ರಿಂದ ಶುರು ಮಾಡಿದೆ.

ಕ್ರಿಸ್‌ಮಸ್‌ಗೆ ಪರ್ಸಿಮನ್ ಹಣ್ಣಿನ ಪುಡಿಂಗ್ ಮಾಡಿ ಅಂಚೆಯಲ್ಲಿ ಕಳಿಸಿದ್ದೇನೆ. ಓಪಲ್‌ಳ ಲೆಕ್ಕದ ಪ್ರಕಾರವೇ ಮಾಡಿದ್ದು. ಮೇಲೆ ಸ್ವಲ್ಪ ಸೀದಿದೆ, ಕೆಳಗಿನಿಂದ ತಿನ್ನು.

ನಿನ್ನ ಚಿಕ್ಕಪ್ಪ,
ಡೆಲ್ಮರ್

(ಲಕೋಟೆಯ ಮಡಿಕೆಯೊಳಗೆ, ಬೀಜದ ಪೊಟ್ಟಣದ ಹಿಂಬದಿ, ದಪ್ಪ ಅಕ್ಷರದಲ್ಲಿ)

ರೋ, ಈ ಕಾಗದ ನೂರಕ್ಕೆ ನೂರು ಸರಿ, ಎರಡನೇ ಪ್ಯಾರಾ ಬಿಟ್ಟು.

1938ರ ಒಂಬತ್ತು ಮಾತ್ರ ಒಂಬತ್ತೇ.